ಸೆರಾಮಿಕ್ ಅಡಿಯ ಸಿಮೆಂಟಿಗೆ ಬೆಳಕು ತಲುಪಿಸುವುದು ಹೇಗೆ

ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಸೆರಾಮಿಕ್ ಹೊದಿಕೆ) ಅಥವಾ ಕ್ರೌನ್ (ಇಡೀ ಹಲ್ಲಿಗೆ ತೊಡಿಸುವ ಟೋಪಿ) ಕೂರಿಸಿ, ಅಡಿಯ ಸಿಮೆಂಟ್ ಗಟ್ಟಿಯಾಗಲು ಲೈಟ್ ಹಿಡಿದ ಮೇಲೆ ಅಂಚಿನ ಸಿಮೆಂಟನ್ನು ಪ್ರೋಬ್‌ನಿಂದ ಕೆರೆದು ನೋಡುವುದು ರೂಢಿ. ಆದರೆ ಆ ಪರೀಕ್ಷೆ ನಡುಭಾಗದ ಬಗ್ಗೆ ಏನೂ ಹೇಳದು. ಅಂಚಿಗೆ ಬೆಳಕು ನೇರವಾಗಿ ಬೀಳುತ್ತದೆ, ನಡುವೆ ಸಿಗುವುದು ಸೆರಾಮಿಕ್ ಸೋಸಿ ಬಿಟ್ಟಷ್ಟೇ. ಅಲ್ಲಿ ಸಿಮೆಂಟ್ ಅರೆಬರೆ ಗಟ್ಟಿಯಾಗಿ ಉಳಿದರೆ ಹಿಡಿತ ಸಡಿಲವಾಗುತ್ತದೆ, ಕಾಲಕ್ರಮೇಣ ಬಣ್ಣ ತಿರುಗುತ್ತದೆ, ಆಸರೆ ತಪ್ಪಿದ ತೆಳು ಸೆರಾಮಿಕ್ ಬಿರುಕು ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದಪ್ಪ. ಪ್ರತಿ ಅರ್ಧ ಮಿ.ಮೀ. ಪದರವೂ ತನಗೆ ಬಂದ ಬೆಳಕಿನಲ್ಲಿ ಒಂದು ಪಾಲನ್ನು ತಡೆಯುವುದರಿಂದ ಆಳಕ್ಕೆ ಹೋದಂತೆ ಉಳಿಯುವುದು ಬೇಗನೆ ಕರಗುತ್ತದೆ. ಹಾಗಾಗಿ ಲ್ಯಾಬ್‌ನಿಂದ ಬಂದ ಕೂಡಲೇ ದಪ್ಪ ಅಳೆಯುವ ಗೇಜ್‌ನಲ್ಲಿ ಅಂಚು, ನಡು, ಕಸ್ಪ್ (ಕಚ್ಚುವ ಮೈಯ ಉಬ್ಬು) ಮೂರನ್ನೂ ಅಳೆದು ಬರೆದಿಡಿ. ಅತಿ ದಪ್ಪದ ಜಾಗವೇ ಲೆಕ್ಕಕ್ಕೆ. ಆಮೇಲೆ ನೋಡಬೇಕಾದದ್ದು ಶೇಡ್ ಮತ್ತು ಪಾರದರ್ಶಕತೆ. ಎ4, ಸಿ4 ತರಹದ ಗಾಢ ಬಣ್ಣಗಳು ನೀಲಿ ಬೆಳಕನ್ನೇ ಹೆಚ್ಚು ಹೀರುತ್ತವೆ, ನಮಗೆ ಬೇಕಾದದ್ದೂ ನೀಲಿಯೇ. ಒಂದೇ ದಪ್ಪದ ಲಿಥಿಯಂ ಡೈಸಿಲಿಕೇಟ್‌ನಲ್ಲಿ (ಒಂದು ಬಗೆಯ ಗಾಜಿನ ಸೆರಾಮಿಕ್) ಎಚ್‌ಟಿ (ಹೆಚ್ಚು ಪಾರದರ್ಶಕ) ಬ್ಲಾಕ್ ಬಿಡುವಷ್ಟು ಬೆಳಕನ್ನು ಎಲ್‌ಟಿ (ಕಡಿಮೆ ಪಾರದರ್ಶಕ) ಬಿಡದು, ಎಂಒ (ಮಧ್ಯಮ ಅಪಾರದರ್ಶಕ) ಇನ್ನೂ ಕಡಿಮೆ. ಸಾಮಾನ್ಯ 3ವೈ (ಯಿಟ್ರಿಯಾ ಕಡಿಮೆ ಬೆರೆತ) ಜಿರ್ಕೋನಿಯಾ ಇವೆಲ್ಲಕ್ಕಿಂತ ಹೆಚ್ಚು ತಡೆಯುತ್ತದೆ. 5ವೈ (ಯಿಟ್ರಿಯಾ ಹೆಚ್ಚು ಬೆರೆತದ್ದು) ಸ್ವಲ್ಪ ಉದಾರಿ, ಆದರೂ ಗಾಜಿನ ಸೆರಾಮಿಕ್‌ಗೆ ಸಮ ಎಂದುಕೊಳ್ಳಬೇಡಿ.

ಊಹೆಯ ಬದಲು ಅಳತೆಯನ್ನು ನಂಬಿ. ರೇಡಿಯೋಮೀಟರ್ (ಬೆಳಕಿನ ತೀವ್ರತೆ ಅಳೆಯುವ ಸಾಧನ) ಮೇಲೆ ಬರಿದೇ ಲೈಟ್ ಹಿಡಿದು ಓದಿ, ನಂತರ ನಡುವೆ ಅದೇ ಶೇಡ್, ಅದೇ ದಪ್ಪದ ಸೆರಾಮಿಕ್ ಬಿಲ್ಲೆ ಇಟ್ಟು ಓದಿ. ಬಿಲ್ಲೆಯ ಪಕ್ಕದಿಂದ ಬೆಳಕು ನುಸುಳದಂತೆ ಸುತ್ತ ಕಪ್ಪು ಟೇಪ್ ಹಚ್ಚದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಉದಾಹರಣೆಗೆ, ಚದರ ಸೆಂ.ಮೀ.ಗೆ 1200 ಮಿಲಿವ್ಯಾಟ್ ಇದ್ದದ್ದು 300ಕ್ಕೆ ಇಳಿಯಿತು ಎನ್ನಿ. 20 ಸೆಕೆಂಡಿನಲ್ಲಿ ಸಿಮೆಂಟಿಗೆ ಸಿಗಬೇಕಾಗಿದ್ದ 24 ಜೂಲ್ ಬದಲು ಸಿಕ್ಕಿದ್ದು 6 ಜೂಲ್. ಸಮಯವನ್ನು ನಾಲ್ಕು ಪಟ್ಟು ಮಾಡಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಸಿಮೆಂಟ್ ಆ ಲೆಕ್ಕವನ್ನು ಪೂರ್ತಿ ಒಪ್ಪುವುದಿಲ್ಲ. ಬೆಳಕು ತೀರಾ ಮಂದವಾದಾಗ ಎಷ್ಟು ಹೊತ್ತು ಹಿಡಿದರೂ ಅಷ್ಟಕ್ಕಷ್ಟೇ.

ರೇಡಿಯೋಮೀಟರ್ ಇಲ್ಲದಿದ್ದರೆ ಇನ್ನೊಂದು ದಾರಿ: ಎರಡು ಪಾರದರ್ಶಕ ಮೈಲಾರ್ ಪಟ್ಟಿಗಳ ನಡುವೆ ಸಿಮೆಂಟಿನ ಹನಿ ಒತ್ತಿ, ಮೇಲೆ ಬಿಲ್ಲೆ ಇಟ್ಟು, ನೀವು ದಿನವೂ ಕೊಡುವಷ್ಟೇ ಸಮಯ ಕ್ಯೂರ್ ಮಾಡಿ (ಬೆಳಕು ಹಿಡಿದು ಗಟ್ಟಿಗೊಳಿಸಿ). ಪಟ್ಟಿ ಬಿಡಿಸಿ ಕೆಳಮೈಯನ್ನು ಪ್ಲಾಸ್ಟಿಕ್ ಸಾಧನದಿಂದ ಗೀರಿ. ಮೇಣದಂತೆ ಗೆರೆ ಮೂಡಿದರೆ ಬಾಯಲ್ಲೂ ಅದೇ ಗತಿ. ಗೆರೆ ಮೂಡದಿದ್ದರೂ ಅದು ಕನಿಷ್ಠ ಸೂಚನೆ ಮಾತ್ರ.

ಸಿಮೆಂಟಿನ ಆಯ್ಕೆಗೆ ಈ ಅಳತೆಯೇ ಆಧಾರ. ಸುಮಾರು 1.5 ಮಿ.ಮೀ. ಒಳಗಿನ, ತಿಳಿ ಶೇಡಿನ, ಪಾರದರ್ಶಕ ವೆನೀರ್‌ಗೆ ಲೈಟ್ ಕ್ಯೂರ್ ಸಿಮೆಂಟೇ ಉತ್ತಮ. ಕೆಲಸಕ್ಕೆ ಸಮಯ ಸಿಗುತ್ತದೆ, ಬಣ್ಣವೂ ಸ್ಥಿರ. ಅದಕ್ಕಿಂತ ದಪ್ಪ ಅಥವಾ ಗಾಢವಾದದ್ದಕ್ಕೆ ಡ್ಯುಯಲ್ ಕ್ಯೂರ್ (ಬೆಳಕಿನಿಂದಲೂ ರಾಸಾಯನಿಕವಾಗಿಯೂ ಗಟ್ಟಿಯಾಗುವ ಬಗೆ). ‘ಡ್ಯುಯಲ್ ತಾನೇ, ತಾನಾಗಿ ಗಟ್ಟಿಯಾಗುತ್ತದೆ’ ಎಂದು ಲೈಟ್ ಬಿಡುವುದು ದೊಡ್ಡ ತಪ್ಪು. ಇಂಥ ಹೆಚ್ಚಿನ ಸಿಮೆಂಟುಗಳು ಬೆಳಕು ಬಿದ್ದಾಗಲೇ ಪೂರ್ತಿ ಬಲ ಪಡೆಯುತ್ತವೆ.

ಲೈಟ್ ಕೂಡ ಸಿಮೆಂಟಿಗೆ ಹೊಂದಬೇಕು. ಬೆಳಕು ಹೀರಿ ಗಟ್ಟಿಯಾಗುವ ಕ್ರಿಯೆ ಶುರುಮಾಡುವ ರಾಸಾಯನಿಕವಾಗಿ ಕ್ಯಾಂಫೊರ್‌ಕ್ವಿನೋನ್ ಇರುವ ಸಿಮೆಂಟ್ 468 ನ್ಯಾನೋಮೀಟರ್ ಆಸುಪಾಸಿನ ನೀಲಿಗೆ ಸ್ಪಂದಿಸುತ್ತದೆ. ಅದರ ಬದಲು ಟಿಪಿಒ ಎಂಬ ರಾಸಾಯನಿಕ ಬಳಸಿದವುಗಳಿಗೆ ಸುಮಾರು 400ರ ನೇರಳೆ ಬೇಕು, ಬರೀ ನೀಲಿ ಎಲ್‌ಇಡಿ ಅಲ್ಲಿ ಸಾಲದು. ನೇರಳೆ ಬೆಳಕು ಸೆರಾಮಿಕ್ ದಾಟುವುದು ನೀಲಿಗಿಂತಲೂ ಕಷ್ಟ ಎಂಬುದು ನೆನಪಿರಲಿ.

ಈಗ ಕೂರಿಸುವ ಹಂತ. ಲಿಥಿಯಂ ಡೈಸಿಲಿಕೇಟ್ ಒಳಮೈಗೆ 5% ಹೈಡ್ರೋಫ್ಲೋರಿಕ್ ಆಮ್ಲ 20 ಸೆಕೆಂಡ್ (ಬಾಯಿಯ ಹೊರಗೆ, ಕೈಗವಸು ಹಾಕಿಕೊಂಡು), ತೊಳೆದು ಒಣಗಿಸಿ ಸೈಲೇನ್ (ಸೆರಾಮಿಕ್‌ಗೂ ಸಿಮೆಂಟಿಗೂ ಬೆಸುಗೆಯಾಗುವ ದ್ರವ) 60 ಸೆಕೆಂಡ್. ಜಿರ್ಕೋನಿಯಾಗೆ ಈ ಆಮ್ಲ ನಾಟದು. 50 ಮೈಕ್ರಾನ್ ಅಲ್ಯೂಮಿನಾದಿಂದ ಕಡಿಮೆ ಒತ್ತಡದಲ್ಲಿ ಸ್ಯಾಂಡ್‌ಬ್ಲಾಸ್ಟ್ ಮಾಡಿ ಎಂಡಿಪಿ ಪ್ರೈಮರ್ (ಜಿರ್ಕೋನಿಯಾಗೆ ಅಂಟುವ ಫಾಸ್ಫೇಟ್ ಇರುವ ದ್ರವ) ಹಚ್ಚಿ. ಡೆಂಟಲ್ ಚೇರ್‌ನ ದೀಪವನ್ನು ಬೇರೆಡೆಗೆ ತಿರುಗಿಸಿದ ಮೇಲೆಯೇ ಸಿಮೆಂಟ್ ತೆಗೆಯಿರಿ, ಇಲ್ಲದಿದ್ದರೆ ವೆನೀರ್ ಕೂರುವ ಮೊದಲೇ ಅದು ದಪ್ಪಗಾಗುತ್ತದೆ.

ಬೆರಳಿನಿಂದ ಸಮನಾಗಿ ಒತ್ತಿಹಿಡಿದು, ಪ್ರತಿ ಮೂಲೆಗೂ 1ರಿಂದ 2 ಸೆಕೆಂಡ್ ಮಾತ್ರ ಬೆಳಕು ತೋರಿಸಿ. ಹೆಚ್ಚುವರಿ ಸಿಮೆಂಟ್ ಜೆಲ್ ಆಗಿ, ಸ್ಕೇಲರ್‌ಗೆ ಒಂದೇ ಪಟ್ಟಿಯಾಗಿ ಎದ್ದು ಬರಬೇಕು. ನೂಲಿನಂತೆ ಎಳೆದುಕೊಂಡು ಬಂದರೆ ಇನ್ನೂ ಹಸಿ, ಪುಡಿಯಾಗಿ ಉದುರಿದರೆ ತಡವಾಯಿತು. ಹಲ್ಲುಗಳ ನಡುವೆ ಫ್ಲಾಸ್ ಎಳೆದು, ಗಾಳಿ ತಾಕದಂತೆ ಅಂಚಿಗೆ ಗ್ಲಿಸರಿನ್ ಜೆಲ್ ಹಚ್ಚಿ. ಗಾಳಿಯ ಆಮ್ಲಜನಕ ತಾಕಿದ ಮೇಲ್ಪದರ ಗಟ್ಟಿಯಾಗದೆ ಉಳಿಯುತ್ತದೆ, ಮುಂದೆ ಕಲೆ ಹಿಡಿಯುವುದು ಅಲ್ಲಿಂದಲೇ.

ಕೊನೆಯ ಕ್ಯೂರಿಂಗ್‌ನಲ್ಲಿ ಲೈಟಿನ ತುದಿ ಸೆರಾಮಿಕ್‌ಗೆ ತಾಕುವಷ್ಟು ಹತ್ತಿರವಿರಲಿ, ಲಂಬವಾಗಿರಲಿ. ಕೆಲವು ಮಿ.ಮೀ. ದೂರ ಸರಿದರೂ, ಸ್ವಲ್ಪ ಓರೆಯಾದರೂ ನಷ್ಟ. ತುದಿಗೆ ಅಂಟಿದ ಹಳೆಯ ರೆಸಿನ್ ಮತ್ತು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕವಚವೂ ಬೆಳಕನ್ನು ತಿನ್ನುತ್ತವೆ. ಕೆನ್ನೆ, ನಾಲಿಗೆ, ಕಚ್ಚುವ ಮೈ ಈ ಮೂರೂ ಕಡೆ ತಲಾ 40 ಸೆಕೆಂಡ್ ಕೊಡಿ. ಸಿಮೆಂಟ್ ತಯಾರಕರು ಹೆಚ್ಚು ಹೇಳಿದ್ದರೆ ಅಷ್ಟು. ಒಂದೇ ಸಮನೆ ಹಿಡಿದರೆ ಪಲ್ಪ್‌ಗೆ (ಹಲ್ಲಿನೊಳಗಿನ ನರ, ರಕ್ತನಾಳಗಳ ಭಾಗ) ಬಿಸಿ ತಟ್ಟುತ್ತದೆ. ಪ್ರತಿ 20 ಸೆಕೆಂಡಿಗೆ ಬಿಟ್ಟು, ಏರ್ ಸಿರಿಂಜಿನಿಂದ ಗಾಳಿ ಊದಿ ತಣಿಸಿ. ಹಿಡಿಯುವವರು ಕಿತ್ತಳೆ ಫಿಲ್ಟರ್ ಹಾಕಿಕೊಂಡು ತುದಿಯನ್ನೇ ನೋಡುತ್ತಿರಬೇಕು. ಮುಖ ತಿರುಗಿಸಿದರೆ ಕೈ ಜಾರುವುದು ಗೊತ್ತಾಗುವುದಿಲ್ಲ.

ಡ್ಯುಯಲ್ ಕ್ಯೂರ್ ಬಳಸಿದ್ದರೆ ಅಂಚಿನ ಪಾಲಿಶಿಂಗ್‌ಗೆ ಆತುರ ಬೇಡ. ತಯಾರಕರು ಹೇಳಿದ ಗಟ್ಟಿಯಾಗುವ ಅವಧಿ ಮುಗಿದ ಮೇಲಷ್ಟೇ ರಬ್ಬರ್ ಕಪ್ ಮುಟ್ಟಿಸಿ.