ಸೈಕಲ್ ಎಡೆಕುಂಟೆ: ಪೇಟೆಂಟ್ ಯಾವ ಭಾಗಕ್ಕೆ, ಡಿಸೈನ್ ಯಾವ ಭಾಗಕ್ಕೆ

ಎರೆಹೊಲದಲ್ಲಿ ಎಡೆ ಹೊಡೆಯುವಾಗ, ಅಂದರೆ ಬೆಳೆಸಾಲುಗಳ ನಡುವಿನ ಕಳೆ ತೆಗೆಯುವಾಗ, ಕುಂಟೆಯ ಕಬ್ಬಿಣದ ಅಲಗಾದ ಕುಡಕ್ಕೆ ಹಸಿಮಣ್ಣು ಮೆತ್ತುತ್ತದೆ. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕು. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ವರ್ಕ್‌ಶಾಪಿನ ಸೈಕಲ್ ಎಡೆಕುಂಟೆಯಲ್ಲಿ ಆ ಕೆಲಸವನ್ನು ಗಾಲಿಯೇ ಮಾಡುತ್ತದೆ. ಗಾಲಿಯ ಅಚ್ಚಿಗೆ ಕೂಡಿಸಿದ ಕ್ಯಾಮ್ (ಒಂದು ಕಡೆ ಉಬ್ಬಿರುವ ಬಿಲ್ಲೆ) ಸುತ್ತಿಗೊಮ್ಮೆ ಸ್ಪ್ರಿಂಗ್ ತಗಡನ್ನು ಹಿಂದಕ್ಕೆಳೆದು ಬಿಡುತ್ತದೆ. ತಗಡು ಕುಡದ ಮೈಗುಂಟ ಸರಿದು ಮಣ್ಣು ಉದುರಿಸುತ್ತದೆ. ಹಿಡಿಕೆಯ ಪೈಪು ಎತ್ತಿನ ಕೋಡಿನಂತೆ ಬಾಗಿದೆ, ಗಾಲಿಯ ಮೇಲೆ ಕವಚವಿದೆ.

ಪೇಟೆಂಟ್ ಮತ್ತು ಡಿಸೈನ್ ಅರ್ಜಿಗೆ ಮೊದಲು ಯಂತ್ರ ಬಿಚ್ಚಿ ಹರವಿಟ್ಟು ಒಂದೊಂದು ಭಾಗಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆವು: ಆಕಾರ ಬದಲಿಸಿದರೆ ಕೆಲಸ ಕೆಡುತ್ತದೆಯೇ? ಕ್ಯಾಮಿನ ಉಬ್ಬು ತಗ್ಗಿಸಿದರೆ ತಗಡು ಕುಡದ ತುದಿ ಮುಟ್ಟುವುದಿಲ್ಲ. ಹಾಗಾಗಿ ಅದು ಪೇಟೆಂಟಿನ ಕಡೆ. ಕೋಡಿನ ಹಿಡಿಕೆಯ ಬದಲು ನೇರ ಪೈಪು ಹಾಕಿದರೂ ಎಡೆ ಸಾಗುತ್ತದೆ; ಅದು ಡಿಸೈನಿನ ಕಡೆ. 2000ರ ಡಿಸೈನ್ ಕಾಯ್ದೆ ಕಣ್ಣಿಗೆ ಕಾಣುವ ರೂಪವನ್ನಷ್ಟೇ ಕಾಯುತ್ತದೆ, ಯಂತ್ರದ ಕೆಲಸ ಅದರ ವ್ಯಾಪ್ತಿಗೆ ಬರುವುದಿಲ್ಲ. ಕುಡದ ಆಕಾರ ಎರಡೂ ಕಡೆ ಸೇರಲಿಲ್ಲ. ಅದು ತಲೆತಲಾಂತರದಿಂದ ಬಂದದ್ದು, ಯಾರೊಬ್ಬರ ಸ್ವತ್ತೂ ಅಲ್ಲ, ಆಗಲೂಬಾರದು.

ಚೀನಾ, ಜರ್ಮನಿಗಳಲ್ಲಿ ಸಣ್ಣ ಸುಧಾರಣೆಗಳಿಗೆ ಯುಟಿಲಿಟಿ ಮಾಡೆಲ್ ಎಂಬ ಕಿರು ಪೇಟೆಂಟ್ ಇದೆ. ನಮ್ಮಲ್ಲಿಲ್ಲ. ಚಿಕ್ಕ ಸಲಕರಣೆಯೂ ಪೂರ್ಣ ಪೇಟೆಂಟಿನ ಪರೀಕ್ಷೆಯನ್ನೇ ದಾಟಬೇಕು. ಹೆಚ್ಚಿನವರು ಎಡವುವುದು 1970ರ ಪೇಟೆಂಟ್ ಕಾಯ್ದೆಯ ಕಲಂ 3(ಎಫ್)ನಲ್ಲಿ: ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸಿ, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ. ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಅರ್ಜಿಯಲ್ಲಿ ಹೇಳುವ ವಾಕ್ಯವೇ ಕ್ಲೇಮ್. ನಮ್ಮ ಮೊದಲ ಕರಡು ಕ್ಲೇಮ್ ಹೀಗಿತ್ತು: ‘ಗಾಲಿ, ಕುಡ, ಕೆರೆಯುವ ತಗಡು ಇರುವ ಎಡೆಕುಂಟೆ’. ಇದು ಬರೀ ಭಾಗಗಳ ಪಟ್ಟಿ. ತಿದ್ದಿ ಬರೆದದ್ದು: ‘ಗಾಲಿಯ ತಿರುಗುವಿಕೆಯಿಂದ ಕ್ಯಾಮ್ ಚಲಿಸಿ, ತಗಡು ಸ್ಪ್ರಿಂಗಿನ ಎಳೆತಕ್ಕೆದುರಾಗಿ ಹಿಂದೆ ಸರಿದು, ಕ್ಯಾಮ್ ಬಿಟ್ಟೊಡನೆ ಕುಡದ ಮೇಲ್ಮೈಗೆ ಒತ್ತಿಕೊಂಡು ಮುಂದೆ ಸರಿಯುವಂತೆ ಜೋಡಿಸಿದ’ ಎಡೆಕುಂಟೆ. ಯಾವುದು ಯಾವುದನ್ನು ನಡೆಸುತ್ತದೆ, ಅದರಿಂದ ಏನಾಗುತ್ತದೆ ಎನ್ನುವುದೇ ಕ್ಲೇಮಿನ ಜೀವ. ಆಧಾರಕ್ಕೆ ಒಂದೇ ಹೊಲ, ಒಂದೇ ದಿನ, ಒಂದೇ ಹಸಿಯಲ್ಲಿ ತಗಡು ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ 100 ಮೀಟರ್ ಸಾಲು ಹೊಡೆದು, ಎಷ್ಟು ಸಲ ನಿಲ್ಲಬೇಕಾಯಿತು ಎಂದು ಬರೆದಿಟ್ಟೆವು. ಹಳೆಯ ಪೇಟೆಂಟುಗಳನ್ನು ಭಾರತದ ಪೇಟೆಂಟ್ ಕಚೇರಿಯ ಹುಡುಕುತಾಣ ಇನ್‌ಪಾಸ್ ಮತ್ತು ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್‌ನಲ್ಲಿ, ಉಳುಮೆ ಸಲಕರಣೆಗಳ ಎ01ಬಿ ವರ್ಗದಡಿ ಹುಡುಕಿದೆವು. ಪದ ಹಾಕಿ ಹುಡುಕಿದರೆ ಸಾಲದು. ಒಂದೇ ಸಲಕರಣೆಗೆ ಊರೂರಿಗೆ ಒಂದೊಂದು ಹೆಸರು. ಚಿತ್ರ ನೋಡುತ್ತ ಹೋಗಬೇಕು.

ಅರ್ಜಿಗಳ ಕ್ರಮದಲ್ಲಿ ತಪ್ಪಿದರೆ ಸರಿಪಡಿಸಲು ಬರುವುದಿಲ್ಲ. ಡಿಸೈನ್ ನೋಂದಣಿಯಾದ ಕೂಡಲೇ ಚಿತ್ರ ಪ್ರಕಟವಾಗುತ್ತದೆ. ಅದರಲ್ಲಿ ಕ್ಯಾಮ್ ಕಂಡು, ಪೇಟೆಂಟ್ ಅರ್ಜಿ ಆಮೇಲೆ ಹೋದರೆ, ನಮ್ಮ ಚಿತ್ರವೇ ನಮ್ಮ ಪೇಟೆಂಟಿಗೆ ಮುಳುವಾಗುತ್ತದೆ. ಅದಕ್ಕೇ ಮೊದಲು ಪ್ರೊವಿಷನಲ್ (ದಿನಾಂಕ ಕಾಯ್ದಿರಿಸುವ ತಾತ್ಕಾಲಿಕ) ಪೇಟೆಂಟ್ ಅರ್ಜಿ, ಅದೇ ದಿನ ಡಿಸೈನ್, ಆಮೇಲೆಯೇ ಧಾರವಾಡದ ಕೃಷಿ ಮೇಳ. ಮೇಳದಲ್ಲಿ ತೋರಿಸಿದ್ದೂ ಬಹಿರಂಗವೇ, ಯಾರೋ ವಾಟ್ಸಾಪ್‌ಗೆ ಹಾಕಿದ ವಿಡಿಯೊವೂ ಬಹಿರಂಗವೇ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದ್ದರೂ, ಎಲ್ಲ ಮೇಳಕ್ಕೂ ಅದು ಸಿಗುತ್ತದೆಂದು ನಂಬಿ ಹೋಗಬಾರದು.

ಪ್ರೊವಿಷನಲ್ ಎಂದರೆ ಎರಡು ಪುಟ ಗೀಚಿ ಕಳಿಸುವುದಲ್ಲ. ಕ್ಯಾಮ್ ಬದಲು ಸರಪಳಿ, ಸ್ಪ್ರಿಂಗ್ ಬದಲು ರಬ್ಬರ್ ಪಟ್ಟಿ ಹೀಗೆ ಹೊಳೆದದ್ದನ್ನೆಲ್ಲ ಆಗಲೇ ಬರೆದೆವು. ಆಮೇಲೆ ಸೇರಿಸಿದ ಹೊಸ ಅಂಶಕ್ಕೆ ಮೊದಲ ದಿನಾಂಕದ ರಕ್ಷೆ ಇಲ್ಲ. 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಶನ್ (ಕ್ಲೇಮ್ ಸಹಿತ ಪೂರ್ಣ ವಿವರಣೆ) ಹೋಗದಿದ್ದರೆ ಅರ್ಜಿ ಬಿದ್ದುಹೋಗುತ್ತದೆ.

ಕರ್ನಾಟಕದ ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಆನ್‌ಲೈನ್ ಇರುವುದರಿಂದ ಹುಬ್ಬಳ್ಳಿಯಿಂದಲೇ ಮುಗಿಯುತ್ತದೆ. ವ್ಯಕ್ತಿಯ ಹೆಸರಲ್ಲಾಗಲಿ ಸಣ್ಣ ಉದ್ಯಮದ ಹೆಸರಲ್ಲಾಗಲಿ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆ ಕೋರುವ ಫಾರ್ಮ್ 18ಕ್ಕೆ 4,000. ಸಂಸ್ಥೆಯ ಹೆಸರಲ್ಲಾದರೆ ಸಣ್ಣ ಉದ್ಯಮವೆಂದು ತೋರಿಸುವ ಉದ್ಯಮ್ ನೋಂದಣಿ ಪ್ರಮಾಣಪತ್ರದೊಂದಿಗೆ ಫಾರ್ಮ್ 28 ಲಗತ್ತಿಸಲೇಬೇಕು. ಮರೆತರೆ 1,600ರ ಜಾಗದಲ್ಲಿ 8,000. ಫಾರ್ಮ್ 18 ಹಾಕದಿದ್ದರೆ ಅರ್ಜಿಯನ್ನು ಯಾರೂ ಪರೀಕ್ಷಿಸುವುದಿಲ್ಲ, ತಾನಾಗಿ ಸರದಿ ಬರುತ್ತದೆಂದು ಕಾಯುವುದು ವ್ಯರ್ಥ. ಪೇಟೆಂಟ್ ಅವಧಿ ಅರ್ಜಿಯ ದಿನದಿಂದ 20 ವರ್ಷ.

ಡಿಸೈನ್ ಶುಲ್ಕ 1,000. ಅವಧಿ 10 ವರ್ಷ, ನವೀಕರಿಸಿದರೆ ಇನ್ನೂ 5. ಏಳು ನೋಟ ಕೊಟ್ಟೆವು: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಓರೆನೋಟ. ಬಿಳಿ ಹಿನ್ನೆಲೆ, ಒಂದೇ ಅಳತೆ. ಗಾಲಿ ಒಂದು ಚಿತ್ರದಲ್ಲಿ ತುಸು ತಿರುಗಿ ನಿಂತಿದ್ದರೂ ಚಿತ್ರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಗಾಲಿ ಅಲುಗದಂತೆ ಅಡ್ಡ ಕೊಟ್ಟು ಚಿತ್ರ ತೆಗೆಯಿರಿ. ಕವಚದ ಮೇಲಿನ ಹೆಸರಿನ ಸ್ಟಿಕರ್ ಕಿತ್ತುಹಾಕಿ. ಹೆಸರು ಟ್ರೇಡ್‌ಮಾರ್ಕಿನ ವಿಷಯ, ಕೈಯಿಂದ ನಡೆಸುವ ಸಲಕರಣೆಗೆ ವರ್ಗ 8, ಶುಲ್ಕ 4,500. ಡಿಸೈನ್ ಅರ್ಜಿಯ ನವೀನತೆಯ ಹೇಳಿಕೆಯಲ್ಲಿ (ಹೊಸತೇನು ಎಂದು ತಿಳಿಸುವ ಸಾಲು) ಹಿಡಿಕೆ ಮತ್ತು ಕವಚದ ಆಕಾರ ಎಂದಷ್ಟೇ ಬರೆದು, ಯಾಂತ್ರಿಕ ಕ್ರಿಯೆಯ ಮೇಲೆ ಹಕ್ಕು ಕೇಳುವುದಿಲ್ಲ ಎಂದು ಸೇರಿಸಿದೆವು.

ಧಾರವಾಡ ಪೇಡೆಗೆ ಸಿಕ್ಕ ಜಿಐ (ಭೌಗೋಳಿಕ ಗುರುತು) ನಮಗೂ ಸಿಗದೇ ಎಂದು ಕೆಲವರು ಕೇಳುತ್ತಾರೆ. ಅದು ಆ ಊರಿನ ತಯಾರಕರೆಲ್ಲರಿಗೂ ಸೇರಿದ್ದು, ಒಬ್ಬ ತಯಾರಕನ ಸಲಕರಣೆಗೆ ಬರುವುದಿಲ್ಲ.

ಡಿಸೈನ್ ಸಂಖ್ಯೆ ಬಂದ ಮೇಲೆ ಪ್ರತಿ ಹಿಡಿಕೆಯ ಮೇಲೂ ‘ಆರ್‌ಡಿ’ (ರಿಜಿಸ್ಟರ್ಡ್, ನೋಂದಾಯಿತ ಎಂಬುದರ ಗುರುತು) ಮತ್ತು ಸಂಖ್ಯೆಯನ್ನು ಪಂಚ್ ಮಾಡಿಯೇ ಮಾರುತ್ತೇವೆ. ಗುರುತಿಲ್ಲದಿದ್ದರೆ ನಕಲು ಮಾಡಿದವನಿಂದ ಪರಿಹಾರ ವಸೂಲಿ ಕಷ್ಟ. ಪೇಟೆಂಟ್ ಮಂಜೂರಾಗುವವರೆಗೆ ‘ಪೇಟೆಂಟ್ ಪೆಂಡಿಂಗ್’ ಎಂದೇ ಬರೆಯಬೇಕು. ಮಂಜೂರಾಗಿದೆ ಎಂದು ಮುಂಚಿತವಾಗಿ ಬರೆದರೆ ದಂಡ ಬೀಳುತ್ತದೆ.