ಪುಣೆಗೆ ಬಂದಿರಾ? ಮೊದಲು ಇಲ್ಲಿಯವರ ವಾದ ಕೇಳಿ: ಹೊಸಬರಿಗೆ ಮಾರ್ಗದರ್ಶಿ

ಪುಣೆಗೆ ಬಂದು ಸಾಮಾನು ಬಿಚ್ಚುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹೇಗಿದೆ ನಮ್ಮ ಪುಣೆ? ಮುಂಬೈಗಿಂತ ಚೆನ್ನಾಗಿದೆ ಅಲ್ವಾ?" ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ಕಾಕಾ ಕೇಳಬಹುದು, ಆಫೀಸಿನಲ್ಲಿ ಪಕ್ಕದ ಸೀಟಿನವರು ಕೇಳಬಹುದು. ನೀವು ಬೆಂಗಳೂರಿನವರು ಅಂತ ಗೊತ್ತಾದರೆ ಮುಂಬೈ ಜಾಗದಲ್ಲಿ ಬೆಂಗಳೂರು ಬರುತ್ತದೆ, ಅಷ್ಟೇ ವ್ಯತ್ಯಾಸ. "ಪುಣೆ ತಿಥೆ ಕಾಯ್ ಉಣೆ" ಅಂತ ಇಲ್ಲೊಂದು ಮಾತಿದೆ. ಪುಣೆಯಲ್ಲಿ ಯಾವುದಕ್ಕೆ ಕೊರತೆ ಅಂತ ಅರ್ಥ. ಹೇಳುವವರು ಅದನ್ನು ಪೂರ್ತಿ ನಂಬಿಯೇ ಹೇಳುತ್ತಾರೆ.

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಬರುವ ಹೊಸ ಕುಟುಂಬಗಳಿಗೆ ನಾವು ಹೇಳುವುದು ಇಷ್ಟು. ಈ ವಾದದಲ್ಲಿ ತೀರ್ಪು ಕೊಡಲು ಹೋಗಬೇಡಿ. ಆದರೆ ಎದ್ದು ಹೋಗಲೂ ಬೇಡಿ, ಕೂತು ಕೇಳಿ. ಎಲ್ಲಿ ನೀರಿಲ್ಲ, ಎಲ್ಲಿ ಮಳೆಗೆ ಮನೆಯೊಳಗೆ ನೀರು ನುಗ್ಗುತ್ತದೆ, ಯಾವ ರಸ್ತೆಯಲ್ಲಿ ಸಂಜೆ ಸಿಕ್ಕಿಬೀಳುತ್ತೀರಿ, ಬ್ರೋಕರ್ ಬಾಯಿಬಿಡದ ಸಂಗತಿಗಳೆಲ್ಲ ಇಲ್ಲೇ ಹೊರಗೆ ಬೀಳುತ್ತವೆ.

ಮುಂಬೈ ಜೊತೆ

ಈ ಎರಡು ಊರುಗಳು ಒಂದನ್ನೊಂದು ಬಿಟ್ಟಿರಲಾರವು. ಡೆಕ್ಕನ್ ಕ್ವೀನ್ ರೈಲು ಶುರುವಾದದ್ದು 1930ರ ಜೂನ್ 1ರಂದು. ಇವತ್ತಿಗೂ ಬೆಳಗ್ಗೆ ಅದರಲ್ಲಿ ಮುಂಬೈಗೆ ಕೆಲಸಕ್ಕೆ ಹೋಗಿ ಸಂಜೆ ಅದರಲ್ಲೇ ಮರಳುವವರಿದ್ದಾರೆ. 2002ರಲ್ಲಿ ಎಕ್ಸ್‌ಪ್ರೆಸ್‌ವೇ ಪೂರ್ತಿಯಾದ ಮೇಲೆ ಮುಂಬೈ ಇನ್ನೂ ಹತ್ತಿರ ಬಂತು. ಸಿಟ್ಟೂ ಜಾಸ್ತಿಯಾಯಿತು ಅನ್ನಿ. ಫ್ಲ್ಯಾಟ್ ಬೆಲೆ ಏರಿದ್ದಕ್ಕೆ ಹಳೇ ಪುಣೆಯವರು ಮುಂಬೈಯವರನ್ನೇ ಬಯ್ಯುತ್ತಾರೆ.

2021ರಲ್ಲಿ ಪುಣೆ ಮಹಾನಗರಪಾಲಿಕೆಗೆ 23 ಹಳ್ಳಿಗಳು ಸೇರಿದವು. ಊರಿನ ವಿಸ್ತೀರ್ಣ 500 ಚದರ ಕಿಲೋಮೀಟರ್ ದಾಟಿ ಮುಂಬೈಯನ್ನೇ ಹಿಂದೆ ಹಾಕಿತು. ಪುಣೆಯವರು ಇದನ್ನು ಎದೆಯುಬ್ಬಿಸಿ ಹೇಳುತ್ತಾರೆ. "ಜಾಗ ಇದೆ ಸರಿ, ಲೋಕಲ್ ರೈಲು ಎಲ್ಲಿ?" ಅಂತ ಮುಂಬೈಯವರು ತಿರುಗಿಸಿ ಕೇಳುತ್ತಾರೆ. ಎರಡೂ ನಿಜ. ಇಲ್ಲಿನ ಲೋಕಲ್ ಲೋಣಾವಳಾ ಕಡೆಗೆ ಮಾತ್ರ. ಮೆಟ್ರೋ ಬಂದದ್ದು 2022ರಲ್ಲಿ. ವನಾಜ್‌ನಿಂದ ರಾಮವಾಡಿಗೆ ಒಂದು ಮಾರ್ಗ, ಪಿಂಪ್ರಿಯಿಂದ ಸ್ವಾರಗೇಟ್‌ಗೆ ಇನ್ನೊಂದು. ಈ ಎರಡು ಗೆರೆಗಳ ಹತ್ತಿರ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಹಿಡಿಯಿರಿ. ಉಳಿದವರಿಗೆ ಪಿಎಂಪಿಎಂಎಲ್ ಬಸ್ಸು, ರಿಕ್ಷಾ, ಇಲ್ಲವೇ ಎಲ್ಲರ ಹಾಗೆ ಟೂ ವೀಲರ್. ಹೆಲ್ಮೆಟ್ ವಿರೋಧಿಸುವುದು ಈ ಊರಿನ ಹಳೇ ಹಟ. ಅದನ್ನು ನೀವು ಕಲಿಯಬೇಕಾಗಿಲ್ಲ.

ಆ 23 ಹಳ್ಳಿಗಳ ವಿಷಯಕ್ಕೆ ಬರೋಣ, ಹೊಸಬರಿಗೆ ಬೇಕಾದದ್ದು ಅದೇ. ವಾಘೋಲಿ, ಸೂಸ್, ಮ್ಹಾಳುಂಗೆ, ನರ್ಹೆ, ಮಾಂಜರಿ ಬುದ್ರುಕ್ ಎಲ್ಲ ಅದರಲ್ಲಿವೆ. ಐಟಿಯವರಿಗೆ ಕೈಗೆಟುಕುವ ಫ್ಲ್ಯಾಟುಗಳು ಸಿಗುವುದೂ ಇಂಥ ಕಡೆಯೇ. ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೆಮ್‌ಘರ್ ಅಂತ ನಾಲ್ಕು ಅಣೆಕಟ್ಟುಗಳು ಊರಿಗೆ ನೀರು ಕೊಡುತ್ತವೆ. ಆದರೆ ಹೊಸ ಬಡಾವಣೆಗಳಲ್ಲಿ ಎಷ್ಟೋ ಸೊಸೈಟಿಗಳು ಟ್ಯಾಂಕರ್ ನಂಬಿಕೊಂಡಿವೆ. "ನೀರು ಇದೆಯಾ?" ಅಂತ ಕೇಳಬೇಡಿ, ಎಲ್ಲರೂ ಇದೆ ಅಂತಾರೆ. "ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ? ಆ ದುಡ್ಡು ಮೇಂಟೆನೆನ್ಸ್‌ನಲ್ಲೇ ಸೇರಿದೆಯಾ?" ಅಂತ ಕೇಳಿ. ಅದೂ ಬ್ರೋಕರ್‌ನ ಹತ್ತಿರ ಅಲ್ಲ, ವಾಚ್‌ಮನ್ ಹತ್ತಿರ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಸುತ್ತ ಜಿಬಿಎಸ್ ಅನ್ನುವ ನರದ ಕಾಯಿಲೆ ಹರಡಿದಾಗ ಕುಡಿಯುವ ನೀರಿನ ಮೇಲೇ ಅನುಮಾನ ಬಂದಿತ್ತು. ನೀರು ಕುದಿಸಿ ಕುಡಿಯುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ.

ಮಳೆಯ ವಿಷಯದಲ್ಲಿ ಪುಣೆಯವರು ಮುಂಬೈಯನ್ನು ನೋಡಿ ನಗುತ್ತಾರೆ. ಮುಂಬೈಗೆ ಬೀಳುವ ಮಳೆಯ ಮೂರನೇ ಒಂದು ಪಾಲೂ ಇಲ್ಲಿ ಬೀಳುವುದು ಕಷ್ಟ. ಹಾಗಂತ ನಂಬಿ ನದಿ ಪಕ್ಕ ಗ್ರೌಂಡ್ ಫ್ಲೋರ್ ಮನೆ ಹಿಡಿಯಬೇಡಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಅರ್ಧ ಊರು ಮುಳುಗಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. 2024ರ ಜುಲೈನಲ್ಲಿ ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿತು. ಮುಠಾ ನದಿ ಬೇಸಿಗೆಯಲ್ಲಿ ಚರಂಡಿಯ ಹಾಗೆ ಕಾಣುತ್ತದೆ. ಮೋಸ ಹೋಗಬೇಡಿ.

ಒಳಜಗಳ: ಪುಣೆ, ಪಿಂಪ್ರಿ-ಚಿಂಚ್ವಡ

ಹೊರಗಿನವರಿಗೆ ಇದು ಒಂದೇ ಊರು. ಒಳಗೆ ಎರಡು ಪಾಲಿಕೆ. ಪೇಠ್‌ಗಳ, ಅಂದರೆ ಹಳೇ ಬಡಾವಣೆಗಳ, ಪುಣೆಯವರು ಪಿಂಪ್ರಿಯನ್ನು ಕಾರ್ಖಾನೆ ಊರು ಅಂತಾರೆ. "ನಮ್ಮ ರಸ್ತೆ ನೋಡಿ, ನಿಮ್ಮ ರಸ್ತೆ ನೋಡಿ" ಅಂತ ಪಿಂಪ್ರಿಯವರು ಉತ್ತರ ಕೊಡುತ್ತಾರೆ. ರಸ್ತೆ ಅಗಲದಲ್ಲಿ ಪಿಂಪ್ರಿಯೇ ಗೆದ್ದಿದೆ ಅನ್ನುವುದು ನಮ್ಮ ಅಭಿಪ್ರಾಯ. ಸಂಘದಲ್ಲೇ ಒಪ್ಪದವರಿದ್ದಾರೆ, ಇರಲಿ.

ನಿಮ್ಮ ಮನೆ ಯಾವ ಕಡೆ ಬೀಳುತ್ತದೆ ಅನ್ನುವುದು ಮುಖ್ಯ. ಆಸ್ತಿ ತೆರಿಗೆ, ಕಸ, ನೀರು ಎಲ್ಲ ಬೇರೆ ಬೇರೆ. ಗಾಡಿ ನಂಬರ್ ಪುಣೆಯಲ್ಲಿ ಎಂಎಚ್ 12, ಪಿಂಪ್ರಿಯಲ್ಲಿ ಎಂಎಚ್ 14. ಪಿಂಪ್ರಿ-ಚಿಂಚ್ವಡಕ್ಕೆ 2018ರಿಂದ ಪೊಲೀಸ್ ಕಮಿಷನರ್ ಕೂಡ ಬೇರೆ. ಹಿಂಜವಡಿಯದು ಇನ್ನೂ ಗೋಜಲು. ಐಟಿ ಪಾರ್ಕ್ ರಾಜ್ಯದ ಕೈಗಾರಿಕಾ ನಿಗಮ ಎಂಐಡಿಸಿಯದು, ಊರು ಗ್ರಾಮ ಪಂಚಾಯಿತಿಯದು, ಪೊಲೀಸರು ಪಿಂಪ್ರಿ-ಚಿಂಚ್ವಡದವರು. ರಸ್ತೆಯಲ್ಲಿ ನೀರು ನಿಂತರೆ ಯಾರನ್ನು ಕೇಳಬೇಕು ಅನ್ನುವುದೇ ಅಲ್ಲಿ ದೊಡ್ಡ ಪ್ರಶ್ನೆ. ಆಫೀಸು ಹಿಂಜವಡಿಯಲ್ಲಿದ್ದರೆ ವಾಕಡ್, ಬಾಲೆವಾಡಿ ಕಡೆ ಮನೆ ನೋಡಿ. ಊರಿನ ಇನ್ನೊಂದು ತುದಿಯ ಖರಾಡಿಯಿಂದ ದಿನಾ ಹೋಗಿಬರುತ್ತೇನೆ ಅನ್ನುವ ಉತ್ಸಾಹ ಒಂದು ತಿಂಗಳೂ ಉಳಿಯುವುದಿಲ್ಲ.

ಬೆಂಗಳೂರಿನ ಮಾತು ಬಂದಾಗ

ಹವಾಮಾನದಲ್ಲಿ ಬೆಂಗಳೂರು ಮೇಲು ಅಂತ ಹೇಳಬೇಡಿ. ನಿಜವಿರಬಹುದು, ಆದರೂ ಸುಮ್ನೆ ಇರಿ. ಟ್ರಾಫಿಕ್ ವಿಷಯದಲ್ಲಂತೂ ಎರಡೂ ಕಡೆಯವರು ಬಾಯಿ ಮುಚ್ಚಿಕೊಳ್ಳುವುದು ಒಳ್ಳೆಯದು. ಊರುಗಳ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ 10 ಕಿಲೋಮೀಟರ್ ಹೋಗಲು ಬೆಂಗಳೂರಿನಲ್ಲಿ 34 ನಿಮಿಷ 10 ಸೆಕೆಂಡ್, ಪುಣೆಯಲ್ಲಿ 33 ನಿಮಿಷ 22 ಸೆಕೆಂಡ್. 48 ಸೆಕೆಂಡಿನ ಪೈಪೋಟಿ!

ಇನ್ನೊಂದು ವಿಷಯ ಗೊತ್ತಿರಲಿ. ಮುಂಬೈಯಲ್ಲಿ ಇದೆಲ್ಲ ಎಲ್ಲಿದೆ ಅಂತ ಪುಣೆಯವರು ಹೆಮ್ಮೆಯಿಂದ ಹೇಳುವ ಹೆಸರುಗಳಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವ ಒಂದು, ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿ ಹೋಟೆಲ್ ಇನ್ನೊಂದು. ಸವಾಯಿ ಗಂಧರ್ವರು ಕುಂದಗೋಳದವರು. 1953ರಲ್ಲಿ ಅವರ ನೆನಪಿಗೆ ಉತ್ಸವ ಶುರು ಮಾಡಿದ ಭೀಮಸೇನ ಜೋಶಿಯವರು ಗದಗದ ಕಡೆಯವರು. ವೈಶಾಲಿ ಕಟ್ಟಿದ ಜಗನ್ನಾಥ ಶೆಟ್ಟರು ಕರಾವಳಿಯವರು. ಇದನ್ನು ವಾದ ಗೆಲ್ಲಲು ಬಳಸಬೇಡಿ. ಡಿಸೆಂಬರ್‌ನಲ್ಲಿ ಉತ್ಸವಕ್ಕೆ ಬನ್ನಿ, ನೆಲದ ಮೇಲೆ ಕೂತು ಕೇಳಿ. ಪಕ್ಕದಲ್ಲಿ ಕೂತವರೇ ಮಾತಿಗೆ ಎಳೆಯುತ್ತಾರೆ.

ರಿಕ್ಷಾದವರನ್ನು "ದಾದಾ" (ಅಣ್ಣ) ಅನ್ನಿ, ವಯಸ್ಸಾದವರನ್ನು "ಕಾಕಾ", ಮನೆಕೆಲಸದವರನ್ನು "ಮಾವಶಿ" (ಚಿಕ್ಕಮ್ಮ) ಅಥವಾ "ತಾಈ" (ಅಕ್ಕ). ಹೆಸರು ಹಿಡಿದು ಕರೆಯುವುದು ಇಲ್ಲಿ ಒರಟು ಅನಿಸುತ್ತದೆ. ಹಳೇ ಊರಿನ ಕೆಲವು ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ. ಬಾಗಿಲು ಬಡಿದರೆ ಬೈಗುಳ ಖಚಿತ, ಬೋರ್ಡಿನ ಮೇಲೆ ಅದನ್ನು ಮೊದಲೇ ಬರೆದಿಟ್ಟಿರುತ್ತಾರೆ.

ಕಾಗದಪತ್ರ

ಬಾಡಿಗೆ ಕರಾರಿಗೆ ಇಲ್ಲಿ ಲೀವ್ ಅಂಡ್ ಲೈಸೆನ್ಸ್ ಅಂತಾರೆ. ಹೆಚ್ಚಾಗಿ 11 ತಿಂಗಳಿಗೆ ಮಾಡುತ್ತಾರೆ. ರಿಜಿಸ್ಟರ್ ಮಾಡಿಸಲೇಬೇಕು, ಅದು ಮಾಲೀಕರ ಜವಾಬ್ದಾರಿ. ಬರೀ ನೋಟರಿ ಸಾಕು ಅಂದರೆ ಒಪ್ಪಬೇಡಿ. ಮನೆಗೇ ಬಂದು ಹೆಬ್ಬೆಟ್ಟು ತೆಗೆದುಕೊಂಡು ಆನ್‌ಲೈನ್‌ನಲ್ಲಿ ಮಾಡಿಕೊಡುವ ಏಜೆಂಟರಿದ್ದಾರೆ. ಪೊಲೀಸ್ ವೆರಿಫಿಕೇಶನ್ ಕೂಡ ಆಗಲಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇಲ್ಲಿನ ಡಿಪಾಸಿಟ್ ಕಡಿಮೆ ಅನಿಸುತ್ತದೆ.

ಕೆಎ ನಂಬರಿನ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇರುವುದಾದರೆ ಮರು ನೋಂದಣಿ ಬೇಕು. ಊರಿನ ಆರ್‌ಟಿಒದಿಂದ ಎನ್‌ಒಸಿ ತರಿಸಿ, ಇಲ್ಲಿ ತೆರಿಗೆ ಕಟ್ಟಿ, ಆಮೇಲೆ ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದಕ್ಕೆ ಅರ್ಜಿ ಹಾಕಿ. ಆ ದುಡ್ಡಿಗೆ ತಾಳ್ಮೆ ಬೇಕು.

ಮಕ್ಕಳು ಯಾವ ಬೋರ್ಡಿನ ಶಾಲೆಗೆ ಹೋದರೂ ಮರಾಠಿ ಕಲಿಯಬೇಕು, 2020ರ ಕಾನೂನು ಹಾಗೆ ಹೇಳುತ್ತದೆ. ಚಿಕ್ಕವರಿಗೆ ತೊಂದರೆಯಿಲ್ಲ, ಆಟದ ಮೈದಾನದಲ್ಲೇ ಕಲಿತುಬಿಡುತ್ತಾರೆ. ಎಂಟನೇ ಕ್ಲಾಸಿಗೆ ಬಂದ ಮಗುವಾದರೆ ಶಾಲೆಯವರ ಹತ್ತಿರ ಮೊದಲೇ ಮಾತಾಡಿ. ಡೊಮಿಸೈಲ್ (ರಾಜ್ಯದ ನಿವಾಸಿ) ಸರ್ಟಿಫಿಕೇಟಿಗೆ 15 ವರ್ಷದ ವಾಸ ತೋರಿಸಬೇಕು, ಹಾಗಾಗಿ ಮೊದಲ ಕರಾರಿನಿಂದ ಎಲ್ಲ ಪ್ರತಿಗಳನ್ನೂ ಜೋಪಾನ ಮಾಡಿ.

ಊರಿಗೆ ಹೋಗಲು ಉದ್ಯಾನ್, ಚಾಲುಕ್ಯ, ಶರಾವತಿ ರೈಲುಗಳಿವೆ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿಗೆ ವಂದೇ ಭಾರತ್ ಕೂಡ ಇದೆ, ಆದರೆ ದಿನಾ ಓಡುವುದಿಲ್ಲ. ರೈಲು ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಗೌರಿ ಹಬ್ಬ, ದೀಪಾವಳಿಗೆ ಹೋಗುವವರು ಆ ದಿನ ಬೆಳಗ್ಗೆ ಎಂಟಕ್ಕೇ ಫೋನ್ ಹಿಡಿದು ಕೂತಿರಿ. ತಪ್ಪಿದರೆ ಸ್ವಾರಗೇಟ್‌ನಲ್ಲಿ ನಮ್ಮ ಕಡೆಯ ಕೆಂಪು ಬಸ್ಸು ಸಿಗುತ್ತದೆ.