ರಿಟೈರ್ ಆದ ಮೇಲಿನ ಮೊದಲ ವರ್ಷ: ನಿಮಗಾಗಿ ಯಾರಾದರೂ ಕಾಯುವ ಹಾಗೆ ಮಾಡಿಕೊಳ್ಳಿ

ರಿಟೈರ್ ಆದ ಮರುದಿನ ಬೆಳಿಗ್ಗೆ ಐದೂ ಮುಕ್ಕಾಲಿಗೇ ಎಚ್ಚರವಾಯಿತು. ಅಲಾರಂ ಇಟ್ಟಿರಲಿಲ್ಲ. ಮೂವತ್ನಾಲ್ಕು ವರ್ಷದ ಅಭ್ಯಾಸ, ಮೈ ತಾನಾಗೇ ಎದ್ದಿತು. ಸ್ನಾನ ಮಾಡಿದೆ, ಇಸ್ತ್ರಿ ಅಂಗಿ ಹಾಕಿದೆ, ಜೇಬಿಗೆ ಪೆನ್ನು ಸಿಕ್ಕಿಸಿದೆ, ಆಮೇಲೆ ಬಾಗಿಲ ಹಿಂದಿನ ಮೊಳೆಗೆ ಕೈ ಹಾಕಿದೆ. ಆಫೀಸಿನ ಬೀರುಗಳ ಕೀ ಗೊಂಚಲು ಅಲ್ಲೇ ನೇತಾಡುತ್ತಿರುತ್ತಿತ್ತು. ಹಿಂದಿನ ದಿನ ಸಂಜೆ ಏಳೂ ಕೀಗಳನ್ನು ಎಣಿಸಿ, ಸಹಿ ಹಾಕಿ ಒಪ್ಪಿಸಿ ಬಂದಿದ್ದೆ. ಕೈಗೆ ಬರೀ ಮೊಳೆ ಸಿಕ್ಕಿತು.

ಸಂಬಳ ನಿಲ್ಲುತ್ತದೆ ಅಂತ ಗೊತ್ತಿತ್ತು, ಅದಕ್ಕೆ ಲೆಕ್ಕ ಹಾಕಿಟ್ಟಿದ್ದೆ. ಬಿಡುವು ಜಾಸ್ತಿ ಆಗುತ್ತದೆ ಅಂತಲೂ ಗೊತ್ತಿತ್ತು, ಅದಕ್ಕೂ ಓದುವ ಪುಸ್ತಕಗಳ ಪಟ್ಟಿ ಮಾಡಿದ್ದೆ. ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟ ಸಂಗತಿ ಒಂದಿತ್ತು. ಇವತ್ತು ನಾನು ಎಲ್ಲಿಗೂ ಹೋಗದಿದ್ದರೆ, "ಯಾಕೆ ಬಂದಿಲ್ಲ" ಅಂತ ಕೇಳುವವರು ಯಾರೂ ಇರಲಿಲ್ಲ. ಈಗ ಐದು ವರ್ಷ ಆಯಿತು. ನಿವೃತ್ತಿಯಲ್ಲಿ ನಿಜಕ್ಕೂ ಕಷ್ಟ ಇದೇ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಕೆಳಗೆ ಬರೆದಿರೋದರಲ್ಲಿ ಹೆಚ್ಚಿನದೆಲ್ಲ ಇದರ ಸುತ್ತಲೇ ಇದೆ.

ಮೊದಲ ತಿಂಗಳುಗಳ ಖುಷಿ ನೋಡಿ ಎಲ್ಲಾ ಸರಿಹೋಯ್ತು ಅಂದುಕೊಳ್ಳಬೇಡಿ

ಶುರುವಿನಲ್ಲಿ ಚೆನ್ನಾಗಿಯೇ ಇರುತ್ತದೆ. ಕಪಾಟು ಖಾಲಿ ಮಾಡಿ ಜೋಡಿಸುತ್ತೀರಿ, ನೆಂಟರ ಮನೆಗೆ ಹೋಗಿ ಬರುತ್ತೀರಿ, ಸೋಮವಾರ ಬೆಳಿಗ್ಗೆ ಹೊದ್ದು ಮಲಗುವ ಸುಖವೇ ಬೇರೆ. ನನಗೆ ಇದು ಮೂರು ತಿಂಗಳು ನಡೆಯಿತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಪೇಪರನ್ನು ಎರಡು ಸಲ ಓದಿ ಮುಗಿಸಿ ಗಡಿಯಾರ ನೋಡಿದರೆ ಇನ್ನೂ ಹತ್ತೂವರೆ.

ಆಗ ನನಗೆ ಏನೋ ಆಗಿದೆ ಅಂತ ಹೆದರಿದೆ. ಆಮೇಲೆ ತಿಳಿಯಿತು, ಇದು ಎಷ್ಟೋ ಜನರಿಗೆ ಆಗುವಂಥದ್ದು. ರಾಬರ್ಟ್ ಆಚ್ಲಿ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1976ರಲ್ಲೇ ನಿವೃತ್ತಿಯ ಹಂತಗಳನ್ನು ವಿವರಿಸಿದ್ದರು: ಮೊದಲು ಹೊಸ ಮದುವೆಯಂಥ ಸಂಭ್ರಮ, ಆಮೇಲೆ ಬೇಸರ, ಆಮೇಲೆ ಬದುಕನ್ನು ಮತ್ತೆ ಹೊಂದಿಸಿಕೊಳ್ಳುವ ಕಾಲ, ಕೊನೆಗೆ ಒಂದು ನೆಲೆ. ಎಲ್ಲರೂ ಇದೇ ಸಾಲಿನಲ್ಲಿ ಹೋಗುತ್ತಾರೆ ಅಂತೇನಿಲ್ಲ. ಕೆಲವರಿಗೆ ಆ ಬೇಸರ ಬರುವುದೇ ಇಲ್ಲ. ಬಂದರೆ ಅದು ನಿಮ್ಮ ತಪ್ಪಲ್ಲ, ಅಷ್ಟು ತಿಳಿದಿರಲಿ. ಹೋಮ್ಸ್ ಮತ್ತು ರಾಹೆ ಅನ್ನುವ ಇಬ್ಬರು 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಅದರಲ್ಲಿ ಗಂಡ ಅಥವಾ ಹೆಂಡತಿಯ ಸಾವಿಗೆ 100, ಕೆಲಸದಿಂದ ತೆಗೆದುಹಾಕಿದರೆ 47, ನಿವೃತ್ತಿಗೆ 45. ಅಂದರೆ ನಾವೇ ಬಯಸಿ, ಹಾರ ಹಾಕಿಸಿಕೊಂಡು ಹೊರಬಂದರೂ ಮನಸ್ಸಿನ ಮೇಲೆ ಬೀಳುವ ಭಾರ ಕೆಲಸ ಕಳೆದುಕೊಂಡವರ ಭಾರಕ್ಕಿಂತ ತೀರಾ ಕಡಿಮೆಯೇನಲ್ಲ.

ಅದಕ್ಕೇ ಹೇಳೋದು, ಮೊದಲ ಒಂದು ವರ್ಷ ದೊಡ್ಡ ನಿರ್ಧಾರ ಬೇಡ. ಮನೆ ಮಾರೋದು, ಊರು ಬದಲಾಯಿಸೋದು, ಬಂದ ದುಡ್ಡನ್ನೆಲ್ಲ ಒಂದು ವ್ಯಾಪಾರಕ್ಕೆ ಹಾಕೋದು, ಇವೆಲ್ಲ ಕಾಯಲಿ. ಖುಷಿಯಲ್ಲಿ ಮಾಡಿದ ನಿರ್ಧಾರಕ್ಕೂ ಬೇಸರದಲ್ಲಿ ಮಾಡಿದ ನಿರ್ಧಾರಕ್ಕೂ ಮುಂದಿನ ಇಪ್ಪತ್ತು ವರ್ಷ ಬೆಲೆ ಕೊಡಬೇಕಾಗುತ್ತದೆ.

ವಾರದಲ್ಲಿ ಎರಡು ದಿನ, ಹೇಳಿದ ಹೊತ್ತಿಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ರಿಟೈರ್ ಆದವರಿಗೆ ಎಲ್ಲರೂ ಹೇಳುವ ಮಾತು "ಒಂದು ಹವ್ಯಾಸ ಬೆಳೆಸಿಕೊಳ್ಳಿ" ಅಂತ. ಹವ್ಯಾಸ ಒಳ್ಳೇದೇ. ಆದರೆ ಇವತ್ತು ಮಾಡದಿದ್ದರೂ ನಡೆಯುತ್ತದೆ ಅನ್ನುವ ಕೆಲಸ, ಮನಸ್ಸು ಕುಗ್ಗಿದ ದಿನ ನಮ್ಮನ್ನು ಕುರ್ಚಿಯಿಂದ ಎಬ್ಬಿಸುವುದಿಲ್ಲ. ನಾವು ಬರುತ್ತೇವೆ ಅಂತ ಇನ್ನೊಬ್ಬರು ಕಾದಿದ್ದರೆ ಎಬ್ಬಿಸುತ್ತದೆ. ಹಾಗಾಗಿ ಏನೇ ಆರಿಸಿಕೊಂಡರೂ ಮೂರು ವಿಷಯ ನೋಡಿ: ಅದಕ್ಕೊಂದು ದಿನ ಇರಬೇಕು, ಒಂದು ಹೊತ್ತು ಇರಬೇಕು, ನೀವು ಹೋಗದಿದ್ದರೆ ಯಾರಿಗಾದರೂ ಗೊತ್ತಾಗಬೇಕು.

ನನಗೆ ಇದು ಸಿಕ್ಕಿದ್ದು ಎದುರುಮನೆಯಲ್ಲಿ. ಅವರ ಮಗಳಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕೂವರೆಗೆ ಹೇಳಿಕೊಡ್ತೀನಿ ಅಂದೆ. ಮೂರನೇ ವಾರವೋ ಏನೋ, ಮೈಕೈ ನೋವು, ಬೇಡ ಅನ್ನಿಸಿ ಸುಮ್ನೆ ಕೂತಿದ್ದೆ. ಕೊನೆಗೆ ಮನಸ್ಸು ತಡೆಯದೆ ಹೊರಟೆ. ಬೆಲ್ ಒತ್ತುವ ಮೊದಲೇ ಬಾಗಿಲು ತೆಗೆಯಿತು. ಕೈಯಲ್ಲಿ ಆಗಲೇ ಚೂಪು ಮಾಡಿಟ್ಟ ಪೆನ್ಸಿಲ್ಲು, ಪುಸ್ತಕದಲ್ಲಿ ಮೊದಲೇ ಎಳೆದಿಟ್ಟ ಗೆರೆ. "ತಾತ, ಇವತ್ತು ಬರಲ್ವೇನೋ ಅಂದ್ಕೊಂಡಿದ್ದೆ" ಅಂದಳು. ಆ ರಾತ್ರಿ ಎಷ್ಟೋ ದಿನದ ಮೇಲೆ ಒಳ್ಳೇ ನಿದ್ದೆ ಬಂತು.

ನಿಮಗೆ ಯಾವುದು ಹೊಂದುತ್ತದೆ ಅಂತ ಕಂಡುಕೊಳ್ಳಲು ಒಂದು ಹಾಳೆ ತೆಗೆದುಕೊಳ್ಳಿ. ಕೆಲಸದಲ್ಲಿ ಈಗ ನೆನಪಾಗಿ ಹೊಟ್ಟೆಯಲ್ಲಿ ಕಿವುಚಿದಂತೆ ಆಗುವುದು ಏನು ಅಂತ ಬರೆಯಿರಿ. ಹುದ್ದೆ ಬರೆಯಬೇಡಿ, ಕ್ಷಣ ಬರೆಯಿರಿ. ನನ್ನ ಹಾಳೆಯಲ್ಲಿ ಬಂದಿದ್ದು, "ಹೊಂದದ ಲೆಕ್ಕ ಹಿಡಿದು ಯಾರೋ ಬಂದು ಪಕ್ಕದಲ್ಲಿ ಕೂತುಕೊಳ್ಳೋದು." ಉಗ್ರಾಣ ನೋಡಿಕೊಳ್ಳುತ್ತಿದ್ದ ನನ್ನ ಗೆಳೆಯರ ಹಾಳೆಯಲ್ಲಿ ಬಂದಿದ್ದು ಬೇರೆಯೇ: ದಿನವಿಡೀ ಓಡಾಟ, ಯಾವ ವಸ್ತು ಎಲ್ಲಿದೆ ಅಂತ ತನಗೊಬ್ಬನಿಗೇ ಗೊತ್ತಿರುವ ಹೆಮ್ಮೆ. ಅವರು ಈಗ ಒಂದು ಗ್ರಂಥಾಲಯದಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಪುಸ್ತಕ ಜೋಡಿಸುತ್ತಾರೆ. ಅವರನ್ನು ಪಾಠ ಹೇಳಲು ಕೂರಿಸಿದ್ದರೆ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆ. ನೀವು ರಿಟೈರ್ ಆದ ಸುದ್ದಿ ಹರಡಿದ ಕೂಡಲೇ "ಹೇಗೂ ಫ್ರೀ ಇದ್ದೀರಲ್ವಾ" ಅಂತ ಸಂಘದವರು, ಸಮಿತಿಯವರು, ನೆಂಟರು ಎಲ್ಲಾ ಬರುತ್ತಾರೆ. ಯಾರಾದರೂ ನಮ್ಮನ್ನು ಕರೆದರಲ್ಲ ಅನ್ನುವ ಖುಷಿಗೆ ಎಲ್ಲದಕ್ಕೂ ಹೂಂ ಅನ್ನಬೇಡಿ. ಎರಡೇ ಒಪ್ಪಿಕೊಳ್ಳಿ. "ಮೂರು ತಿಂಗಳು ಮಾಡಿ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂತ ಮೊದಲೇ ಹೇಳಿಬಿಡಿ, ಬಿಡಬೇಕು ಅನ್ನಿಸಿದಾಗ ಯಾರ ಮನಸ್ಸೂ ನೋಯುವುದಿಲ್ಲ. ಹಾಗೇ ಎರಡು ವಾರಕ್ಕೆ "ನನಗಿದು ಆಗಿಬರಲ್ಲ" ಅಂತ ಕೈಬಿಡಲೂ ಬೇಡಿ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಕೆಲಸವೊಂದು ಅಭ್ಯಾಸವಾಗಲು ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ನಡುಮಟ್ಟದ ಅಂಕಿ 66.

ಮನೆಯಲ್ಲಿ ಈಗಾಗಲೇ ಒಂದು ದಿನಚರಿ ಇದೆ

ನಾವು ಆಫೀಸಿಗೆ ಹೋಗುತ್ತಿದ್ದಾಗ ಮನೆ ಖಾಲಿ ಬಿದ್ದಿರಲಿಲ್ಲ. ಅಲ್ಲಿ ಇನ್ನೊಬ್ಬರ ದಿನ ನಡೆಯುತ್ತಿತ್ತು. ಅವರ ಫೋನಿನ ಹೊತ್ತು, ಮಲಗುವ ಹೊತ್ತು, ಸುಮ್ಮನೆ ಒಬ್ಬರೇ ಕೂರುವ ಹೊತ್ತು. ನಾನು ಅದರ ನಡುವೆ ಹೋಗಿ ನಿಂತೆ. ಎರಡನೇ ತಿಂಗಳಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಚೀಟಿ ಅಂಟಿಸಿ, ಸೈಜಿನ ಪ್ರಕಾರ ಜೋಡಿಸಿದೆ. ಹೆಂಡತಿ ಆಗ ಏನೂ ಅನ್ನಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು, "ರೀ, ಆಫೀಸಲ್ಲಿ ನಿಮ್ಮ ಟೇಬಲ್ ಮೇಲಿಂದನ್ನ ಯಾರಾದ್ರೂ ಕೇಳದೆ ಎತ್ತಿಟ್ಟಿದ್ರೆ ನಿಮಗೆ ಹೇಗಾಗ್ತಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳಿಗ್ಗೆ ಎದ್ದು ಅವಳು ಹೇಳಿದ ಹಾಗೆ ಒಂದೊಂದೇ ಡಬ್ಬ ವಾಪಸ್ ಇಟ್ಟೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಜಪಾನಿನಲ್ಲಿ 1991ರಲ್ಲೇ ನೊಬುವೊ ಕುರೊಕಾವಾ ಅನ್ನುವ ವೈದ್ಯರು, ಗಂಡ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಹೆಂಡತಿಯರಿಗೆ ಬರುವ ಕಾಯಿಲೆಗಳನ್ನು ನೋಡಿ ಅದಕ್ಕೊಂದು ಹೆಸರನ್ನೇ ಕೊಟ್ಟಿದ್ದರು.

ಮಾಡಬೇಕಾದದ್ದು ಇಷ್ಟು. ಮೊದಲ ವಾರದಲ್ಲೇ ಇಬ್ಬರೂ ಕೂತು ಮಾತಾಡಿ. ಯಾವ ಹೊತ್ತು ಯಾರಿಗೆ ಬೇಕು, ಯಾವ ರೂಮು ಯಾರದು, ದಿನದಲ್ಲಿ ಎಷ್ಟು ಹೊತ್ತು ಬೇರೆ ಬೇರೆ ಇರೋದು. ಇದನ್ನು ಕೇಳೋಕೆ ಮುಜುಗರ ಅನ್ನಿಸಬಹುದು, ಆದರೂ ಕೇಳಿ. ಆಮೇಲೆ ಮನೆಗೆಲಸದಲ್ಲಿ "ಸಹಾಯ" ಮಾಡುವುದನ್ನು ಬಿಟ್ಟು, ಒಂದೆರಡು ಕೆಲಸಗಳ ಪೂರ್ತಿ ಹೊಣೆ ತೆಗೆದುಕೊಳ್ಳಿ. ಬಟ್ಟೆ ಒಗೆಯೋದು ನಿಮ್ಮದು ಅಂದರೆ ಸೋಪು ಮುಗಿದಿದೆ ಅಂತ ನೆನಪಿಟ್ಟುಕೊಳ್ಳೋದೂ ನಿಮ್ಮದೇ. ಕೇಳಿಸಿಕೊಂಡು ಮಾಡುವ ಕೆಲಸದಿಂದ ಅವರ ತಲೆಭಾರ ಕಮ್ಮಿ ಆಗಲ್ಲ.

ಕೆಲಸದಿಂದ ನಿವೃತ್ತರಾಗುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳೋದು ಉಲ್ಟಾ. ನೀವು ಮನೆಯಲ್ಲಿ ಇರುತ್ತೀರಿ ಅಂದ ಕೂಡಲೇ ಅಡುಗೆ, ಮೊಮ್ಮಕ್ಕಳು, ಬಂದವರು ಹೋದವರು ಎಲ್ಲಾ ತಾನಾಗಿ ನಿಮ್ಮ ತಲೆಗೆ ಬರುತ್ತದೆ, ಯಾರೂ ಕೇಳುವುದೂ ಇಲ್ಲ. ಮಕ್ಕಳಿಗೆ ಮೊದಲೇ ಹೇಳಿ, ಮಗುವನ್ನು ಯಾವ ದಿನ ಎಷ್ಟು ಹೊತ್ತು ನೋಡಿಕೊಳ್ಳುತ್ತೀರಿ ಅಂತ. ಮೊಮ್ಮಕ್ಕಳ ಮೇಲೆ ಪ್ರೀತಿ ಇದ್ದೂ ಇದನ್ನು ಹೇಳಬಹುದು.

ಬೆಳಗಿನ ಹೊತ್ತು, ಮೈ, ದುಡ್ಡು

ಏಳುವ ಹೊತ್ತನ್ನು ಬದಲಿಸಬೇಡಿ, ಬದಲಿಸಿದರೂ ಅರ್ಧ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ. ನನಗೆ ತೀರಾ ಭಾರವಾಗುತ್ತಿದ್ದದ್ದು ಬೆಳಿಗ್ಗೆ ಹತ್ತರಿಂದ ಒಂದರವರೆಗಿನ ಹೊತ್ತು, ಆದ್ದರಿಂದ ಹೊರಗಿನ ಕೆಲಸಗಳನ್ನೆಲ್ಲ ಅಲ್ಲಿಗೇ ಹಾಕಿಕೊಂಡೆ. ಒಂದೇ ದಿನ ಮುಗಿಸಬಹುದಾದ ನಾಲ್ಕು ಕೆಲಸವನ್ನು ನಾಲ್ಕು ದಿನಕ್ಕೆ ಹಂಚಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟಿದರೆ ರಾತ್ರಿ ನಿದ್ದೆ ಕೆಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ಹೀಗಿದೆ: ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ, 65 ದಾಟಿದವರಿಗೆ ಇವುಗಳ ಜೊತೆ ವಾರಕ್ಕೆ ಮೂರು ದಿನ ಮೈಯ ಸಮತೋಲದ ಅಭ್ಯಾಸ. ನಡಿಗೆ ಎಲ್ಲರೂ ಮಾಡುತ್ತಾರೆ, ಉಳಿದೆರಡನ್ನು ಬಿಡುತ್ತಾರೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳೋದು, ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಲ್ಲಿ ನಿಲ್ಲೋದು, ಇಷ್ಟರಿಂದ ಶುರು ಮಾಡಬಹುದು. ಬಿದ್ದು ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸಬೇಕಾದರೆ ಇದೇ ಬೇಕು. ಹೃದಯದ ತೊಂದರೆ, ಮಂಡಿ ನೋವು ಇದ್ದವರು ಡಾಕ್ಟರನ್ನು ಕೇಳಿಕೊಂಡು ಮಾಡಿ.

ದುಡ್ಡಿನ ಬಗ್ಗೆ ಮೂರೇ ಮಾತು. ಒಂದು, ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ: ಪ್ರತಿ ತಿಂಗಳ ಒಂದನೇ ತಾರೀಕು ಉಳಿತಾಯದಿಂದ ಖರ್ಚಿನ ಖಾತೆಗೆ ಅಷ್ಟೇ ಮೊತ್ತ ಹಾಕಿ, ಅದರಲ್ಲೇ ತಿಂಗಳು ಕಳೆಯಿರಿ, ಒಂದು ವರ್ಷ ಖರ್ಚು ಬರೆದಿಡಿ. ಎರಡು, ಬೆಲೆ ಏರಿಕೆ ಮರೆಯಬೇಡಿ. 72ನ್ನು ಬೆಲೆ ಏರುವ ಶೇಕಡಾವಾರಿನಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತದೆ ಅಂತ ಹೆಚ್ಚುಕಮ್ಮಿ ಸಿಗುತ್ತದೆ. ಶೇ. 6 ಆದರೆ 12 ವರ್ಷ. ಮೂರು, ಬೇಗ ನಿರ್ಧಾರ ಮಾಡಿ ಅಂತ ಅವಸರ ಮಾಡುವ ಯಾರಿಗೂ ದುಡ್ಡು ಕೊಡಬೇಡಿ. ಎರಡು ರಾತ್ರಿ ಕಳೆಯಲಿ, ಮನೆಯ ಒಬ್ಬರಿಗಾದರೂ ತೋರಿಸಿ.

ಹಳೇ ಆಫೀಸು, ಹಳೇ ಹೆಸರು

ಹಳೇ ಜಾಗಕ್ಕೆ ಒಂದು ಸಲ ಹೋಗಿ ಬನ್ನಿ, ಪದೇ ಪದೇ ಬೇಡ. ನಾನು ಮೂರನೇ ಸಲ ಹೋದಾಗ ತಿಂಗಳ ಕೊನೆ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು, ಆದರೆ ಕಣ್ಣು ಸ್ಕ್ರೀನಿನ ಮೇಲಿತ್ತು. ಅವರ ತಪ್ಪೇನಿಲ್ಲ, ಆ ಕುರ್ಚಿಯಲ್ಲಿ ನಾನೂ ಹಾಗೇ ಇದ್ದೆ. ಅವತ್ತಿಂದ ಬೇಕಾದ ನಾಲ್ಕು ಜನರನ್ನು ತಿಂಗಳ ಎರಡನೇ ಭಾನುವಾರ ಹೊರಗೆ ಭೇಟಿಯಾಗುತ್ತೇನೆ. ಆ ಸ್ನೇಹ ಉಳಿದಿದೆ.

"ಈಗ ಏನ್ ಮಾಡ್ತಿದ್ದೀರಿ?" ಅಂತ ಯಾರಾದರೂ ಕೇಳಿದರೆ "ಏನಿಲ್ಲ, ರಿಟೈರ್ಡು" ಅಂತ ಹೇಳಬೇಡಿ. ಈ ವಾರ ಏನು ಮಾಡಿದಿರೋ ಅದನ್ನು ಹೇಳಿ. "ಎದುರುಮನೆ ಹುಡುಗಿಗೆ ಲೆಕ್ಕ ಹೇಳಿಕೊಡ್ತಿದ್ದೀನಿ" ಅಂತ ನಾನು ಮೊದಲ ಸಲ ಹೇಳಿದಾಗ ನಾಲಿಗೆ ತಡವರಿಸಿತು. ಈಗ ಸಲೀಸು.

ಒಂದು ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಹೀಗೇ ಎರಡು ವಾರ ದಾಟಿದರೆ ಅದು ಬರೀ ಬೇಸರ ಅಲ್ಲದೆ ಇರಬಹುದು, ಡಾಕ್ಟರ ಹತ್ತಿರ ಹೋಗಿ. ಬದುಕಿದ್ದೇನು ಪ್ರಯೋಜನ ಅನ್ನುವ ಯೋಚನೆ ಬಂದರೆ ಎರಡು ವಾರವೂ ಕಾಯಬೇಡಿ, ಅವತ್ತೇ ಹತ್ತಿರದವರಿಗೆ ಹೇಳಿ, ಅವರ ಜೊತೆ ಹೋಗಿ. ಕುಡಿತ ಮೊದಲಿಗಿಂತ ಜಾಸ್ತಿ ಆಗಿದ್ದರೆ ಅದನ್ನೂ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಇನ್ನೂ ಆರು ತಿಂಗಳು ಇದೆ ಅನ್ನುವವರಿಗೆ

ನಿಮಗೆ ನನಗಿಂತ ಒಳ್ಳೇ ಅವಕಾಶ ಇದೆ. ಎಲ್ಲೂ ಹೋಗದೆ, ಮನೆಯಲ್ಲೇ ಇರಲು ಒಂದು ವಾರ ರಜೆ ಹಾಕಿ ನೋಡಿ. ಬುಧವಾರದ ಹೊತ್ತಿಗೆ ಯಾವ ಗಂಟೆ ಭಾರವಾಗುತ್ತದೆ ಅಂತ ಗೊತ್ತಾಗುತ್ತದೆ. ವಾರಕ್ಕೊಂದು ದಿನದ ಆ ಹೊರಗಿನ ಕೆಲಸವನ್ನು ಈಗಲೇ ಶುರು ಮಾಡಿ, ಕೊನೆಯ ದಿನದ ಮರುವಾರ ಹೋಗಲು ಒಂದು ಜಾಗ ಸಿದ್ಧವಿರುತ್ತದೆ. ಬ್ಯಾಂಕು, ವಿಮೆ, ತೆರಿಗೆ ಇವುಗಳಲ್ಲಿ ಆಫೀಸಿನ ಇಮೇಲ್ ಅಥವಾ ಆಫೀಸ್ ಕೊಟ್ಟ ನಂಬರು ಇದ್ದರೆ ಇವತ್ತೇ ಬದಲಿಸಿ, ಕೊನೆಯ ದಿನ ಅದು ಬಂದ್ ಆದರೆ ಪಾಸ್‌ವರ್ಡ್ ಕೂಡ ಸಿಗುವುದಿಲ್ಲ. ಸಹೋದ್ಯೋಗಿಗಳ ನಂಬರುಗಳನ್ನು ನಿಮ್ಮ ಸ್ವಂತ ಫೋನಿಗೆ ಹಾಕಿಕೊಳ್ಳಿ. ಗೇಟಿನಲ್ಲಿ ದಿನಾ ನಮಸ್ಕಾರ ಹೇಳುತ್ತಿದ್ದವರ ನಂಬರನ್ನೂ ಮರೆಯಬೇಡಿ.